ಖಾಲಿ ಫ್ರಿಜ್ಜಿನ ಜಕಾತ್

ಗ್ಯಾಸಣ್ಣನ ಸಂಕಟಕ್ಕೆಲ್ಲ ಮೂಲ ಒಂದು ಡಬಲ್ ಡೋರ್ ಫ್ರಿಜ್ಜು.

ಹೋದ ವರ್ಷ ಒಬ್ಬ ಮನುಷ್ಯ ಅವನ ರಿಪೇರಿ ಅಂಗಡಿಯ ಮುಂದೆ ನಿಂತು ಅತ್ತಿದ್ದ. ಅದೇನು ಸಾಮಾನ್ಯ ಅಳುವಲ್ಲ, ಪಕ್ಕದ ಅಂಗಡಿಯವರೂ ವ್ಯಾಪಾರ ಬಿಟ್ಟು ಬಂದು ಕಣ್ಣೊರೆಸಿಕೊಂಡಿದ್ದರು. ಗ್ಯಾಸಣ್ಣ ಕರಗಿ ನೀರಾಗಿ ಆ ವರ್ಷದ ಜಕಾತನ್ನು ಪೂರ್ತಿ ಅವನ ಕೈಗಿಟ್ಟುಬಿಟ್ಟ. ಕೆಲವು ತಿಂಗಳಾದ ಮೇಲೆ ಯಾವುದೋ ಮನೆಯಿಂದ ಫೋನು ಬಂತು, ಫ್ರಿಜ್ಜಿನಲ್ಲಿ ಐಸ್ ಕಟ್ಟುತ್ತಿಲ್ಲ ಎಂದು. ಹೋಗಿ ಬೆಲ್ ಒತ್ತಿದರೆ ಬಾಗಿಲು ತೆಗೆದವನು ಅದೇ ಮನುಷ್ಯ. ಹಿಂದೆ ಅಡುಗೆಮನೆಯಲ್ಲಿ ಬೀರುವಿನಷ್ಟು ದೊಡ್ಡದೊಂದು ಡಬಲ್ ಡೋರ್ ನಿಂತಿತ್ತು. ಗ್ಯಾಸಣ್ಣನ ಮನೆಯಲ್ಲಿರುವುದು ಒಂಟಿ ಬಾಗಿಲಿನದು, ಅದಕ್ಕೂ ಹಿಡಿಯಿಲ್ಲ.

ಇದನ್ನು ಅವನು ಹೆಂಡತಿಗೆ ಹೇಳಬಾರದಿತ್ತು. ಹೇಳಿದ. ಅಂದಿನಿಂದ ಆ ಮನುಷ್ಯನಿಗೆ ಮನೆಯಲ್ಲಿ ಡಬಲ್ ಡೋರ್ ಎಂದೇ ಹೆಸರಾಯಿತು, ಗ್ಯಾಸಣ್ಣನಿಗೆ ನೆಮ್ಮದಿ ಹೋಯಿತು. ವರ್ಷ ತುಂಬಿ ಉಳಿದ ದುಡ್ಡು ಬಂಗಾರದಲ್ಲಿ ನಲವತ್ತರಲ್ಲೊಂದು ಪಾಲು ಜಕಾತ್, ಬಡವರ ಹಕ್ಕು, ಅದು ನಮ್ಮದಲ್ಲವೇ ಅಲ್ಲ, ನಾವು ಬರೀ ತಲುಪಿಸುವವರು ಎಂದು ಹೆಂಡತಿ ಹೇಳಿದಾಗಲೆಲ್ಲ ಅವನಿಗೆ ಯಾರದೋ ಸಾಮಾನನ್ನು ತಪ್ಪು ಮನೆಗೆ ಇಳಿಸಿ ಬಂದವನಂತೆ ಅನಿಸುತ್ತಿತ್ತು.

ಈ ವರ್ಷ ಒಂದು ಬೆಳಿಗ್ಗೆ ಅವನು ಕೆಲಸದ ಚೀಲ ಹೆಗಲಿಗೇರಿಸುವಾಗ ಅವಳು ಜಕಾತಿನ ಲಕೋಟೆ ತಂದು ಕೈಯಲ್ಲಿಟ್ಟಳು. "ನನ್ನ ಬಂಗಾರದ ಪಾಲೂ ಇದರಲ್ಲಿದೆ. ಕೇಳೋಕೆ ಬರೋರಿಗೆ ಕೊಡಬೇಡಿ. ಕೇಳೋಕೆ ನಾಚಿಕೊಂಡು ಮನೇಲಿ ಕೂತಿರ್ತಾರಲ್ಲ, ಅಂಥೋರನ್ನ ಹುಡುಕಿ ಕೊಡಿ. ಈ ಸಲವೂ ಡಬಲ್ ಡೋರ್ ಪಾಲಾದ್ರೆ ನಿಮ್ಮ ಹತ್ರ ಮಾತಾಡಲ್ಲ."

"ಈ ಸಲ ಫ್ರಿಜ್ ತೆಗೆದು ನೋಡಿಯೇ ಕೊಡೋದು," ಅಂದ ಗ್ಯಾಸಣ್ಣ.

ತಮಾಷೆಗೆ ಅಂದದ್ದಲ್ಲ. ಊರಿನ ಅರ್ಧ ಫ್ರಿಜ್ಜುಗಳಿಗೆ ಗ್ಯಾಸ್ ತುಂಬಿ ತುಂಬಿ ಆ ಹೆಸರು ಪಡೆದವನಿಗೆ ಜನರ ಬದುಕು ಒಳಗಿನಿಂದಲೇ ಗೊತ್ತು. ಹಾಲ್‌ನಲ್ಲಿ ಸೋಫಾ ಮೆರೆಯಬಹುದು, ಬಾಯಲ್ಲಿ ಬಡತನ ಹಾಡಬಹುದು, ಫ್ರಿಜ್ಜು ಮಾತ್ರ ಸುಳ್ಳು ಹೇಳುವುದಿಲ್ಲ. ಇದು ಅವನ ಸಿದ್ಧಾಂತ.

ಅವನ ಇನ್ನೊಂದು ಸಿದ್ಧಾಂತ, ತನ್ನ ಮಾತನ್ನು ಜಗತ್ತಿನಲ್ಲಿ ಯಾರೂ ಕೇಳುವುದಿಲ್ಲ ಎಂಬುದು. ಫೋನು ಮಾಡಿದವರಿಗೆಲ್ಲ ಅವನು ತಪ್ಪದೆ ಹೇಳುತ್ತಿದ್ದ, ಬರುವ ಮೊದಲು ಒಳಗಿನದೆಲ್ಲ ತೆಗೆದಿಡಿ, ಗೋಡೆಯಿಂದ ಸ್ವಲ್ಪ ಮುಂದಕ್ಕೆಳೆಯಿರಿ. ಹೂಂ ಹೂಂ ಅನ್ನುತ್ತಿದ್ದರು. ಹೋಗಿ ನೋಡಿದರೆ ಮೊನ್ನೆಯ ಸಾರು, ಹಳಸಿದ ಹಾಲು, ಕೊಳೆತ ಟೊಮೆಟೊ ಎಲ್ಲವೂ ಅವನಿಗಾಗಿ ಕಾದು ಕೂತಿರುತ್ತಿದ್ದವು. ಎಲ್ಲವನ್ನೂ ಇವನೇ ಎತ್ತಿಡಬೇಕು, ಇವನೇ ಒರೆಸಬೇಕು, ಕೊನೆಗೆ ಕೆಲಸಕ್ಕೆ ಯಾಕೆ ಇಷ್ಟು ಹೊತ್ತಾಯಿತು ಎಂದು ಅವರಿಂದಲೇ ಬೈಸಿಕೊಳ್ಳಬೇಕು. ಈಚೆಗಂತೂ ಅವನು ಆ ಮಾತನ್ನು ಬಾಯಿಪಾಠದಂತೆ ಒದರಿ ಫೋನಿಡುತ್ತಿದ್ದ. ಏನು ಹೇಳಿದೆನೆಂದು ತನಗೇ ನೆನಪಿರುತ್ತಿರಲಿಲ್ಲ.

ಅಂದು ಮೊದಲ ಕೆಲಸ ಮೇಷ್ಟ್ರ ಮನೆಯಲ್ಲಿ. ನಿವೃತ್ತ ಲೆಕ್ಕದ ಮೇಷ್ಟ್ರು, ಗ್ಯಾಸಣ್ಣನಿಗೂ ಪಾಠ ಹೇಳಿದವರು, ಈಗ ಒಂಟಿ ಜೀವ. ಹಳೆಯದೊಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ವಾಸ. ಅವನು ಮೆಟ್ಟಿಲು ಹತ್ತಿ ಉಸಿರು ಬಿಡುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಅಲ್ಲಿದ್ದದ್ದು ಕಾಜಾ ಅಕ್ಕ. ಬಟ್ಟೆ ಕಾರ್ಖಾನೆಯಿಂದ ಅಂಗಿಗಳ ಗಂಟು ತಂದು ಮನೆಯಲ್ಲೇ ಕಾಜಾ ಹೊಲಿದು, ಗುಂಡಿ ಹಾಕಿ ಕೊಡುವ ಹೆಂಗಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಾತು ಕಡಿಮೆ.

"ಅಣ್ಣಾ, ನಮ್ಮದೂ ಒಂದು ಸ್ವಲ್ಪ ನೋಡ್ತೀರಾ? ಬಾಗಿಲು ನಿಲ್ತಾ ಇಲ್ಲ. ಒಳಗಿರೋದು ಕೆಟ್ಟುಹೋದ್ರೆ ಕಷ್ಟ."

ಕಾಜಾ ಅಕ್ಕ! ಗ್ಯಾಸಣ್ಣನಿಗೆ ಹಿಗ್ಗೇ ಹಿಗ್ಗು. ಕೇಳಲು ನಾಚುವವರು ಅಂದರೆ ಇಂಥವರೇ. ಅಂಗಿಯ ಒಳಗಿನ ಲಕೋಟೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಅವಳ ಮನೆಯ ಫ್ರಿಜ್ಜು ತೆರೆದ. ತೆರೆದವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಸೇಬು, ದ್ರಾಕ್ಷಿ, ಎರಡು ಡಜನ್ ಮೊಟ್ಟೆ, ಬೆಣ್ಣೆ, ಚೀಸು, ಹಾಲಿನ ಪ್ಯಾಕೆಟ್ಟುಗಳು, ಅರ್ಧ ತಿಂದ ಕೇಕು. ಬಾಗಿಲಿನ ಅರೆಯಲ್ಲಿ ಕಣ್ಣಿಗೆ ಹಾಕುವ ಔಷಧಿಯ ಪುಟ್ಟ ಬಾಟಲಿ. ಕಣ್ಣಿನ ಹನಿಯನ್ನೂ ತಣ್ಣಗೆ ಮಾಡಿ ಹಾಕಿಕೊಳ್ಳುವ ವೈಭೋಗ! ಬಾಗಿಲು ನಿಲ್ಲದೆ ಏನು ಮಾಡೀತು, ಬಾಗಿಲಂಚಿನ ಹಳೆಯ ರಬ್ಬರು ಸೀಳಿಹೋಗಿತ್ತು, ಒಳಗಿನಿಂದ ಸಂತೆಯೇ ತಳ್ಳುತ್ತಿತ್ತು.

"ಅಕ್ಕಾ, ಹಿಂಗೆ ತುರುಕಿದ್ರೆ ಯಾವ ಫ್ರಿಜ್ ತಾನೇ ತಡೆಯುತ್ತೆ?"

"ಅಲ್ಲ ಅಣ್ಣಾ, ಇದೆಲ್ಲ ನನ್ನದ..."

"ನಿಮ್ಮದೇ ಇರಲಿ, ಯಾರು ಬೇಡ ಅಂದ್ರು. ಆದ್ರೆ ಒಂದು ಮಿತಿ ಬೇಕು."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಇವನು ರಬ್ಬರು ಬದಲಾಯಿಸಿದ. ಹಣ ಮುಂದಿನ ವಾರ ಕೂಲಿ ಬಂದ ಮೇಲೆ ಕೊಡಲೇ ಎಂದು ಅವಳು ತಗ್ಗಿದ ದನಿಯಲ್ಲಿ ಕೇಳಿದಾಗ ಗ್ಯಾಸಣ್ಣನಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಚೀಸು ಇಟ್ಟುಕೊಂಡು ರಬ್ಬರಿಗೆ ಸಾಲ! ಇನ್ನೊಬ್ಬಳು ಡಬಲ್ ಡೋರ್ ಎಂದು ಮನಸ್ಸಿನಲ್ಲೇ ಬೈದುಕೊಂಡು, ಸಾಮಾನು ನಾನೂ ಕಾಸು ಕೊಟ್ಟೇ ತರುವುದು ಎಂದ. ಅವಳು ಒಳಕೋಣೆಗೆ ಹೋಗಿ, ತುಂಬ ಹೊತ್ತು ಏನೇನೋ ತೆಗೆದಿಡುವ ಸದ್ದು ಮಾಡಿ, ಒಂದು ಹಳೆಯ ಡಬ್ಬಿಯ ಸಮೇತ ಬಂದು ಚಿಲ್ಲರೆ ಎಣಿಸಿ ಕೊಟ್ಟಳು. ಚಿಲ್ಲರೆಯಲ್ಲಿ ಕೊಟ್ಟದ್ದಕ್ಕೂ ಅವನಿಗೆ ಸಿಟ್ಟು ಬಂತು.

ಆಮೇಲೆ ಮೇಷ್ಟ್ರ ಮನೆ. ಕಾಲರು ತಿರುವಿ ಹೊಲಿದ ಅಂಗಿ ತೊಟ್ಟ ಮೇಷ್ಟ್ರು ಬಾಗಿಲಲ್ಲೇ ನಿಂತು ಸಲಾಂ ಹೇಳಿ ಅಡುಗೆಮನೆಗೆ ಕರೆದೊಯ್ದರು. ಗ್ಯಾಸಣ್ಣ ಫ್ರಿಜ್ಜು ತೆರೆದ. ಒಳಗೆ ಏನೂ ಇಲ್ಲ. ಒಂದು ತಟ್ಟೆಯಿಲ್ಲ, ಒಂದು ಲೋಟವಿಲ್ಲ, ಒಂದು ಹಸಿಮೆಣಸಿನಕಾಯಿಯ ತೊಟ್ಟೂ ಇಲ್ಲ. ಅರೆಗಳೆಲ್ಲ ಒರೆಸಿಟ್ಟಂತೆ ಬೆಳ್ಳಗೆ ಹೊಳೆಯುತ್ತಿದ್ದವು.

"ನೋಡಪ್ಪ, ನಿನಗೆ ಏನೂ ಅಡ್ಡ ಬರಲ್ಲ," ಅಂದರು ಮೇಷ್ಟ್ರು, ನಗುತ್ತ.

ಗ್ಯಾಸಣ್ಣನಿಗೆ ಆ ನಗು ನೋಡಲಾಗಲಿಲ್ಲ. ಎಂಥ ಸ್ವಾಭಿಮಾನ! ಹೊಟ್ಟೆಗಿಲ್ಲದಿದ್ದರೂ ತಮಾಷೆ ಮಾಡುತ್ತಾರೆ. ಅಪವರ್ತನ ಕಲಿಸಿದ ಗುರು, ಎದುರು ಮನೆಯಲ್ಲಿ ಚೀಸು ತುಂಬಿ ತುಳುಕುತ್ತಿರುವಾಗ ಇಲ್ಲಿ ಗಾಳಿ ಕುಡಿದು ಬದುಕಿದ್ದಾರೆ. ಕಂಪ್ರೆಸರಿನ ರಿಲೇ ಬದಲಾಯಿಸುವಾಗ ಅವನ ಕಣ್ಣು ಮಂಜಾಗಿ ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು.

ಸಿಕ್ಕಿದರು, ನಿಜವಾದ ಬಡವರು ಸಿಕ್ಕಿಬಿಟ್ಟರು. ಆದರೆ ಕೊಡುವುದು ಹೇಗೆ? ಜಕಾತ್ ಎಂದರೆ ಮೇಷ್ಟ್ರು ಮೆಟ್ಟಿಲಿಂದ ತಳ್ಳಿಬಿಟ್ಟಾರು. ಹೆಸರು ಹೇಳಿಯೇ ಕೊಡಬೇಕೆಂದೇನಿಲ್ಲ, ಮನಸ್ಸಿನಲ್ಲಿ ಸಂಕಲ್ಪವಿದ್ದರೆ ಸಾಕು ಎಂದು ಹೆಂಡತಿ ಹೇಳಿದ್ದು ನೆನಪಾಯಿತು. ಗ್ಯಾಸಣ್ಣ ಲಕೋಟೆ ತೆಗೆದು, ಜೀವನದಲ್ಲೇ ಅತಿ ದುಬಾರಿಯಾದ ಸುಳ್ಳನ್ನು ಹೇಳಿದ.

"ಮೇಷ್ಟ್ರೇ, ಹಿಂದೆ ರಿಪೇರಿಗೆ ನಿಮ್ಮ ಹತ್ರ ಜಾಸ್ತಿ ತಗೊಂಡಿದ್ದೆ. ಮನಸ್ಸಿಗೆ ಚುಚ್ಚುತ್ತಿತ್ತು. ಇದು ನಿಮ್ಮದೇ ದುಡ್ಡು."

ಮೇಷ್ಟ್ರು ಲಕೋಟೆ ಬಿಚ್ಚಿ ನೋಡಿದರು. ಲೆಕ್ಕದ ಮೇಷ್ಟ್ರಲ್ಲವೇ, ಹುಬ್ಬು ಮೇಲಕ್ಕೆ ಹೋಯಿತು. "ನಾನು ಕೊಟ್ಟಿದ್ದಕ್ಕಿಂತ ನೀನು ವಾಪಸ್ ಕೊಡ್ತಿರೋದೇ ಹೆಚ್ಚಾಯ್ತಲ್ಲೋ. ಬಡ್ಡಿ ಸೇರಿಸಿದ್ದೀಯಾ?"

"ಅಯ್ಯೋ, ಬಡ್ಡಿ ಅಲ್ಲ ಮೇಷ್ಟ್ರೇ. ಅದೂ... ಎಲ್ಲಾ ಸಲದ್ದೂ ಸೇರಿಸಿ. ಪ್ರತಿ ಸಲವೂ ತಗೊಂಡಿದ್ದೆ."

"ಪ್ರತಿ ಸಲವೂ?"

"ಪ್ರತಿ ಸಲವೂ."

ಮೇಷ್ಟ್ರು ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಪಾಠ ಹೇಳಿದ್ದಕ್ಕೆ ಇವತ್ತು ಸಾರ್ಥಕವಾಯಿತು ಎಂದರು. ತಪ್ಪು ಮಾಡುವವರು ಎಲ್ಲೆಲ್ಲೂ ಇದ್ದಾರೆ, ಮನೆ ಬಾಗಿಲಿಗೆ ಬಂದು ಒಪ್ಪಿಕೊಂಡವನನ್ನು ಇದೇ ಮೊದಲು ಕಂಡೆ ಎಂದರು. ಗ್ಯಾಸಣ್ಣ ಮೆಟ್ಟಿಲಿಳಿಯುವಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೆಂಡತಿಗೆ ಫೋನು ಮಾಡಿ, ತಲುಪಿತು, ಖಾಲಿ ಫ್ರಿಜ್ಜಿಗೇ ತಲುಪಿತು ಎಂದ. ಯಾರು ಎಂದು ಅವಳೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಮಧ್ಯಾಹ್ನದ ನಮಾಜಿಗೆ ಮೇಷ್ಟ್ರು ಮಸೀದಿಗೆ ಹೋದರು. ಒಳ್ಳೆಯ ವಿದ್ಯಾರ್ಥಿಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವರನ್ನೆಲ್ಲ ನಿಲ್ಲಿಸಿ, ನಮ್ಮ ಗ್ಯಾಸಣ್ಣನಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ, ಪ್ರತಿ ರಿಪೇರಿಯಲ್ಲೂ ಹೆಚ್ಚಿಗೆ ತೆಗೆದುಕೊಂಡದ್ದನ್ನು ಪೈಸೆ ಬಿಡದೆ ಹಿಂದಿರುಗಿಸುತ್ತಿದ್ದಾನೆ ಎಂದು ಮನಸಾರೆ ಹೊಗಳಿದರು.

ಹೊಗಳಿಕೆ ಅಂಗಡಿ ತಲುಪುವ ಹೊತ್ತಿಗೆ ಅದರಲ್ಲಿದ್ದ ಪ್ರಾಮಾಣಿಕ ಎಂಬ ಪದ ದಾರಿಯಲ್ಲೇ ಬಿದ್ದುಹೋಗಿತ್ತು.

ಮೊದಲು ಬಂದವನು ಬೇಕರಿಯವನು. ತನ್ನ ಕೇಕಿಡುವ ತಂಪು ಗಾಜಿನ ಕಪಾಟಿಗೆ ಎಷ್ಟು ಸಲ ಗ್ಯಾಸ್ ತುಂಬಿಸಿದ್ದೆ ನೆನಪಿದೆಯಾ ಎಂದು ಕೇಳುತ್ತ ಸ್ಟೂಲಿನ ಮೇಲೆ ಕೂತೇಬಿಟ್ಟ. ಅವನ ಹಿಂದೆ ಪಕ್ಕದ ಅಂಗಡಿಯ ಮಾಲೀಕ ಬಂದ. ಅವನು ಗ್ಯಾಸಣ್ಣ ರಿಪೇರಿ ಮಾಡಿದ್ದ ಫ್ರಿಜ್ಜನ್ನು ಎಂದೋ ಮಾರಿಬಿಟ್ಟಿದ್ದ, ಆದರೆ ಅನ್ಯಾಯ ಮಾರಾಟವಾಗಿಲ್ಲ ಎಂಬುದು ಅವನ ವಾದ. ಆಮೇಲೆ ಕ್ಷೌರದವನು.

"ನಿಮಗೆ ಪುಕ್ಕಟೆ ಮಾಡಿಕೊಟ್ಟಿದ್ದೆನಲ್ಲ!" ಅಂದ ಗ್ಯಾಸಣ್ಣ.

"ಪುಕ್ಕಟೇಲೇ ಎಷ್ಟು ತಿಂದಿದ್ದೀರೋ ಯಾರಿಗೆ ಗೊತ್ತು," ಅಂದ ಕ್ಷೌರದವನು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಯಾರ ಹತ್ತಿರವೂ ಹೆಚ್ಚಿಗೆ ತೆಗೆದುಕೊಂಡಿಲ್ಲ, ಅದು ಜಕಾತ್. ಆದರೆ ಹಾಗೆಂದರೆ ಮೇಷ್ಟ್ರು ಹಸಿದು ಕೂತಿದ್ದಾರೆಂದು ಬೀದಿಗೆ ಡಂಗುರ ಹೊಡೆದಂತೆ. ಇಳಿವಯಸ್ಸಿನಲ್ಲಿ ಗುರುವಿನ ಮಾನ ತೆಗೆಯುವುದೇ? ಗ್ಯಾಸಣ್ಣ ಹಲ್ಲು ಕಚ್ಚಿ, ಹೊಸ ವ್ಯಾಕ್ಯೂಮ್ ಪಂಪಿಗೆಂದು ಡ್ರಾಯರಿನಲ್ಲಿ ಕೂಡಿಟ್ಟಿದ್ದ ಗಂಟಿಗೆ ಕೈ ಹಾಕಿದ. ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿ ಹೀರಿ ತೆಗೆಯುವ ಹಳೆಯ ಪಂಪು ಮುದುಕನಂತೆ ಕೆಮ್ಮುತ್ತಿತ್ತು, ಅದು ನಿಂತ ದಿನ ಅವನ ಕಸುಬೂ ನಿಲ್ಲುತ್ತಿತ್ತು. ಒಬ್ಬನಿಗೆ ಕೊಟ್ಟದ್ದನ್ನು ಕಂಡು ಇನ್ನೊಬ್ಬ ಬಂದ. ಇನ್ನೊಬ್ಬನನ್ನು ಕಂಡು ಬೀದಿಯೇ ಬಂತು.

ಕೊನೆಗೆ ಜನರನ್ನು ಸರಿಸಿಕೊಂಡು ಮುಂದೆ ಬಂದವನು ಡಬಲ್ ಡೋರ್. ಹೋದ ವರ್ಷ ಐಸ್ ಕಟ್ಟದ್ದನ್ನು ರಿಪೇರಿ ಮಾಡಿಸಿದ್ದನಲ್ಲ, ಅದರ ಬಾಬ್ತು. ಕೇಳುವಾಗಲೇ ಅವನ ತುಟಿ ನಡುಗತೊಡಗಿತು. ಎಲ್ಲಿ ಮತ್ತೆ ಅತ್ತುಬಿಡುತ್ತಾನೋ ಎಂದು ಗ್ಯಾಸಣ್ಣ ಅವಸರವಾಗಿ ಅವನ ಕೈ ತುಂಬಿಸಿ ಕಳಿಸಿದ.

ಅಷ್ಟರಲ್ಲಿ ಸುದ್ದಿ ಕೇಳಿ ಹೆಂಡತಿ ಓಡಿ ಬಂದಳು. ಅವನು ಮೂಲೆಗೆ ಕರೆದು ಎಲ್ಲವನ್ನೂ ಪಿಸುಗುಟ್ಟಿದ. ಅವಳು ಹಣೆ ಹಣೆ ಚಚ್ಚಿಕೊಂಡಳು. "ಮೇಷ್ಟ್ರಿಗೆ ಕೊಟ್ಟಿದ್ದು ಸರಿ. ಇವರಿಗೆಲ್ಲ ಕೊಟ್ಟಿದ್ದು ಯಾವ ಲೆಕ್ಕಕ್ಕೂ ಬರಲ್ಲ, ಗೊತ್ತಲ್ಲ? ಮೊದಲು ಹೋಗಿ ಮೇಷ್ಟ್ರಿಗೆ ಹೊಗಳೋದು ನಿಲ್ಲಿಸೋಕೆ ಹೇಳಿ. ಸಂಜೆ ನಮಾಜಿಗೂ ಹೊಗಳಿಬಿಟ್ರೆ ನಾವು ಅಂಗಡಿ ಮಾರಬೇಕಾಗುತ್ತೆ."

ಬಿಸಿಲು ಇಳಿಯುವ ಹೊತ್ತಿಗೆ ಗ್ಯಾಸಣ್ಣ ಶಟರ್ ಎಳೆದು, ಪಂಪಿನ ಗಂಟಿನಲ್ಲಿ ಅಳಿದುಳಿದದ್ದನ್ನು ಜೇಬಿಗೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಮೇಷ್ಟ್ರ ಮನೆಗೆ ಓಡಿದ. ಮೇಷ್ಟ್ರು ಅಡುಗೆಮನೆಯಲ್ಲಿದ್ದರು. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅದರ ಬಾಗಿಲು ತೆರೆದಿತ್ತು. ಮೇಷ್ಟ್ರು ಒಂದೊಂದಾಗಿ ಒಳಗೆ ಜೋಡಿಸುತ್ತಿದ್ದರು: ಸೇಬು, ದ್ರಾಕ್ಷಿ, ಮೊಟ್ಟೆ, ಬೆಣ್ಣೆ, ಚೀಸು, ಅರ್ಧ ತಿಂದ ಕೇಕು.

"ಬಾರಪ್ಪ, ಒಳ್ಳೇ ಸಮಯಕ್ಕೆ ಬಂದೆ. ಒಂದೆರಡು ಹನಿ ಕಣ್ಣಿಗೆ ಹಾಕು," ಎಂದು ಪುಟ್ಟ ಬಾಟಲಿಯನ್ನು ಅವನ ಕೈಗೆ ಕೊಟ್ಟರು.

ಗ್ಯಾಸಣ್ಣ ಆ ಬಾಟಲಿಯನ್ನು ಗುರುತು ಹಿಡಿದ.

"ಮೇಷ್ಟ್ರೇ, ಇದೆಲ್ಲ..."

"ಎದುರು ಮನೆಯಿಂದ ತಂದೆ. ನೀನೇ ತಾನೇ ಫೋನಲ್ಲಿ ಹೇಳಿದ್ದು, ಬರೋ ಮೊದಲು ಪೂರ್ತಿ ಖಾಲಿ ಮಾಡಿಡಿ ಅಂತ? ಮಾಡಿದೆ, ಒರೆಸಿಯೂ ಇಟ್ಟೆ. ಹೇಳಿದ್ದನ್ನ ಹೇಳಿದ ಹಾಗೆ ಮಾಡಬೇಕಪ್ಪ."

ಇಪ್ಪತ್ತು ವರ್ಷ. ಈ ಕಸುಬಿನ ಇಪ್ಪತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಮನುಷ್ಯ ಅವನ ಮಾತು ಕೇಳಿದ್ದ, ಅದೂ ಈ ದಿನವೇ. ಗ್ಯಾಸಣ್ಣನಿಗೆ ಅಳಬೇಕೋ ಆ ಫ್ರಿಜ್ಜಿಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಆಯಮ್ಮ ತುಂಬ ಶಿಸ್ತಿನವರು," ಮೇಷ್ಟ್ರು ಮುಂದುವರಿಸಿದರು. "ಜಾಗ ಇದೆಯೇನಮ್ಮಾ ಅಂತ ಕೇಳಿದೆ. ಪೂರ್ತಿ ಖಾಲಿ ಇದೆ, ಇಡಿ ಮೇಷ್ಟ್ರೇ ಅಂದ್ರು. ನೋಡಿದ್ರೆ ನಿಜವಾಗ್ಲೂ ಒಂದು ನೀರಿನ ಬಾಟಲಿ ಬಿಟ್ಟು ಏನೂ ಇಲ್ಲ. ನೀನು ಬರೋ ವಿಷಯ ಹೇಳಿದ್ದೆನಲ್ಲ, ಅವರೂ ನಿನಗೋಸ್ಕರ ಖಾಲಿ ಮಾಡಿಟ್ಟಿದ್ರು."

"ಅವರದ್ದನ್ನ ಎಲ್ಲಿಟ್ಟಿದ್ರು, ಮೇಷ್ಟ್ರೇ?"

"ಎಲ್ಲಿ ಅಂದ್ರೆ..." ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತರು. ಅವರ ಕೈಯಲ್ಲಿ ಮೊಟ್ಟೆಯ ತಟ್ಟೆ ಇತ್ತು. ಜೀವನದಲ್ಲಿ ಮೊದಲ ಸಲ ಅವರಿಗೊಂದು ಲೆಕ್ಕ ತಡವಾಗಿ ಹೊಳೆಯುತ್ತಿತ್ತು.

ಗ್ಯಾಸಣ್ಣನಿಗೆ ಬೆಳಗಿನದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಇದೆಲ್ಲ ನನ್ನದಲ್ಲ ಎಂದು ಹೇಳಹೊರಟವಳ ಬಾಯಿ ಮುಚ್ಚಿಸಿದ್ದ. ಇನ್ನೊಬ್ಬರ ಹಣ್ಣುಹಂಪಲು ಕೆಡಬಾರದೆಂದು ಅವಳು ತನ್ನ ಡಬ್ಬಿ ಬರಿದು ಮಾಡಿ ರಬ್ಬರು ಹಾಕಿಸಿದ್ದಳು. ಆ ಚಿಲ್ಲರೆ ಇನ್ನೂ ಅವನ ಚೀಲದಲ್ಲಿತ್ತು. ನಾಚಿಕೆಯಿಂದ ಅವನ ಕಿವಿ ಕಾದುಹೋಯಿತು.

"ಮೇಷ್ಟ್ರೇ, ಬೆಳಿಗ್ಗೆ ಕೊಟ್ಟ ಲಕೋಟೆ..." ಎಂದ, ಬೇಡುವವನ ದನಿಯಲ್ಲಿ.

"ಓ, ಅದಾ? ನನಗೆ ಪಿಂಚಣಿ ಇದೆ, ಅಷ್ಟು ದುಡ್ಡು ಯಾಕೆ? ಮಸೀದಿ ಮೆಟ್ಟಿಲ ಹತ್ರ ಒಬ್ಬ ಅಳ್ತಾ ನಿಂತಿದ್ದ. ಅಬ್ಬಾ, ಆ ಅಳು ಕೇಳೋಕಾಗಲ್ಲ. ಲಕೋಟೆ ಸಮೇತ ಕೊಟ್ಟುಬಿಟ್ಟೆ. ನಿನ್ನನ್ನೂ ಬಲ್ಲನಂತೆ, ಅವನ ಫ್ರಿಜ್ಜಿಗೆ ಐಸ್ ಕಟ್ಟೋ ಹಾಗೆ ಮಾಡಿಕೊಟ್ಟಿದ್ದೀಯಂತಲ್ಲ."

ಗ್ಯಾಸಣ್ಣ ಕಣ್ಣಿನ ಔಷಧಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಬಂದ.

ಇನ್ನು ಮಿಕ್ಕಿದ್ದು ಒಂದೇ. ಅವನು ಎದುರು ಬಾಗಿಲು ತಟ್ಟಿದ. ಕಾಜಾ ಅಕ್ಕ ಬಂದಳು, ಬೆರಳಲ್ಲಿ ಸೂಜಿ, ತೋಳಿನ ಮೇಲೆ ಅಂಗಿ. ಅವನು ಜೇಬಿನಲ್ಲಿದ್ದದ್ದನ್ನೆಲ್ಲ ಬೆಳಗಿನ ಚಿಲ್ಲರೆಯ ಜೊತೆ ಸೇರಿಸಿ ಮುಂದೆ ಹಿಡಿದ. ಮನಸ್ಸಿನಲ್ಲಿ ಸಂಕಲ್ಪ ಮಾಡಿಕೊಂಡ. ಬಾಯಿಗೆ ಮಾತ್ರ ಅದೇ ದರಿದ್ರ ಸುಳ್ಳು ಬಂತು. "ಅಕ್ಕಾ, ಬೆಳಿಗ್ಗೆ ನಿಮ್ಮ ಹತ್ರ ಜಾಸ್ತಿ ತಗೊಂಡುಬಿಟ್ಟೆ."

"ಇಲ್ಲ ಅಣ್ಣಾ. ಆ ರಬ್ಬರಿನ ಬೆಲೆ ಬೇರೆ ಕಡೆ ಮೊದಲೇ ಕೇಳಿದ್ದೆ, ನೀವು ತಗೊಂಡಿದ್ದು ಸರಿಯಾಗೇ ಇದೆ." ಅವಳು ಕೈ ಚಾಚಲಿಲ್ಲ. "ಇವತ್ತು ಎಲ್ಲರೂ ನಿಮ್ಮ ಅಂಗಡಿಗೆ ಬಂದು ಇಸ್ಕೊಂಡು ಹೋದ್ರಂತೆ. ನಿಮಗೇ ಕಷ್ಟ ಇರುತ್ತೆ. ಇಟ್ಕೊಳ್ಳಿ."

ಅವನು ಮತ್ತೇನೋ ತೊದಲಿದ. ನನ್ನದಲ್ಲದ ದುಡ್ಡು ನನಗೆ ಬೇಡ ಅಣ್ಣಾ ಎಂದು ಅವಳು ಮೆತ್ತಗೆ ಬಾಗಿಲು ಮುಂದಕ್ಕೆ ತಳ್ಳಿದಳು. ಇದು ನಿಮ್ಮದೇ ಎಂದು ಕೂಗಿ ಹೇಳಬೇಕೆನಿಸಿತು ಅವನಿಗೆ. ಹೇಳುವ ಬಾಯಿಯನ್ನು ಅವನು ಬೆಳಿಗ್ಗೆಯೇ ಹಾಳು ಮಾಡಿಕೊಂಡಿದ್ದ.

ಅರ್ಧ ಮೆಟ್ಟಿಲು ಇಳಿಯುವಾಗ ಫೋನು ಹೊಡೆದುಕೊಂಡಿತು. ಹೆಂಡತಿಯೇ ಇರಬೇಕೆಂದು ಹೆದರಿ ನೋಡಿದ. ಡಬಲ್ ಡೋರ್.

"ಗ್ಯಾಸಣ್ಣಾ, ಇವತ್ತು ಎಲ್ಲಾ ಕಡೆಯಿಂದ ಒಳ್ಳೇದಾಯ್ತು ನೋಡಿ. ಹೊಸ ಫ್ರಿಜ್ಜಿಗೆ ಮುಂಗಡ ಕೊಟ್ಟು ಬಂದೆ. ಮೂರು ಬಾಗಿಲಿಂದು. ನಾಳೆ ಬಂದು ಕೂರಿಸಿ ಕೊಡಿ." ಅವನ ದನಿಯಲ್ಲಿ ಅಳುವಿನ ಸುಳಿವೂ ಇರಲಿಲ್ಲ. "ಇನ್ನೊಂದು ವಿಷಯ. ಹಳೇದನ್ನ ಯಾರಾದ್ರೂ ಬಡವರಿಗೆ ಕೊಡೋಣ ಅಂತ ಇದ್ದೀನಿ. ನೀವು ಮನೆಮನೆಗೂ ಹೋಗ್ತೀರಲ್ಲ, ನಿಜವಾಗ್ಲೂ ಕಷ್ಟದಲ್ಲಿರೋರು ಯಾರಾದ್ರೂ ಗೊತ್ತಾ?"

ಗ್ಯಾಸಣ್ಣ ಮೆಟ್ಟಿಲ ಮೇಲೆ ಕೂತ. ಮೇಲೆ ಮುಚ್ಚಿದ ಬಾಗಿಲ ಕಡೆ ನೋಡಿದ.

"ಒಬ್ಬರು ಇದ್ದಾರೆ," ಎಂದ. "ಆದ್ರೆ ಅವರ ಹತ್ರ ಫ್ರಿಜ್ ಇದೆ. ಅದರೊಳಗೆ ಇಡೋಕೆ ಏನೂ ಇಲ್ಲ."

ಆ ಕಡೆಯಿಂದ ಡಬಲ್ ಡೋರ್ ಲೊಚಗುಟ್ಟಿದ.

"ಫ್ರಿಜ್ ಇರೋರು ಬಡವರು ಹೇಗಾಗ್ತಾರೆ ಗ್ಯಾಸಣ್ಣಾ? ಈ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ. ಸ್ವಲ್ಪ ವಿಚಾರಿಸಿ ನೋಡಿ ಕೊಡಬೇಕು," ಎಂದು ಬುದ್ಧಿ ಹೇಳಿ ಫೋನಿಟ್ಟ.